ಅಶೋಕ ಸುಮ್ಮನಿದ್ದ ಒಂದು ವರ್ಷ

ನಮ್ಮಜ್ಜಿಗೆ ನನ್ನ ಕೆಲಸ ಏನು ಅಂತ ಅರ್ಥ ಮಾಡಿಸುವುದು ಇವತ್ತಿಗೂ ನನ್ನಿಂದ ಆಗಿಲ್ಲ. "ಅತಿಥಿ ಉಪನ್ಯಾಸಕ" ಅಂದೆ. "ಅತಿಥಿ ಅಂದ್ರೆ ನೆಂಟ ತಾನೇ?" ಅಂದಳು. ಹೌದು ಅಂದೆ. ಎಲೆಗೆ ಸುಣ್ಣ ಸವರುತ್ತಾ ಸ್ವಲ್ಪ ಹೊತ್ತು ಯೋಚನೆ ಮಾಡಿ ಕೇಳಿದಳು: "ನಾಲ್ಕು ವರ್ಷದಿಂದ ಒಂದೇ ಮನೇಲಿ ನೆಂಟ ಅಂತ ಕುಂತಿದೀಯಲ್ಲ, ಅವ್ರಿಗೆ ಬ್ಯಾಸ್ರ ಆಗಲ್ವೇನ್ಲಾ?"

ಅವರಿಗೆ ಬೇಸರ ಆಗಿದೆಯೋ ಇಲ್ಲವೋ ಗೊತ್ತಿಲ್ಲ. ಪ್ರತಿ ವರ್ಷ ಹೊಸದಾಗಿ ಅರ್ಜಿ ಹಾಕಿಸಿಕೊಂಡು, ಹೊಸದಾಗಿ ದಾಖಲೆ ನೋಡಿ, ಹೊಸದಾಗಿ ಆದೇಶ ಕೊಟ್ಟು ಒಳಗೆ ಕರೆಯುತ್ತಾರೆ. ಪರೀಕ್ಷೆ ಮುಗಿಯುವ ಹೊತ್ತಿಗೆ ಬೀಳ್ಕೊಡುತ್ತಾರೆ. ಮತ್ತೆ ಕರೆಯುವ ತನಕ ನಡುವಿನ ತಿಂಗಳುಗಳಲ್ಲಿ ದುಡ್ಡಿಲ್ಲ. ಬರುವ ದುಡ್ಡಿಗೂ ಸಂಬಳ ಅನ್ನುವ ಹಾಗಿಲ್ಲ, ಅದರ ಹೆಸರು ಗೌರವಧನ. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಹೀಗೆ ಪಾಠ ಮಾಡುವವರು ಸಾವಿರಾರು ಜನ ಇದ್ದೇವೆ. ಎಷ್ಟೋ ಕಾಲೇಜುಗಳಲ್ಲಿ ಮನೆಯವರಿಗಿಂತ ನೆಂಟರೇ ಜಾಸ್ತಿ.

ನಾನು ಹಿರಿಯೂರು ತಾಲೂಕಿನವನು, ಪಾಠ ಮಾಡುವುದು ನಮ್ಮ ಚಿತ್ರದುರ್ಗ ಜಿಲ್ಲೆಯದೇ ಇನ್ನೊಂದು ತಾಲೂಕಿನಲ್ಲಿ, ವಿಷಯ ಇತಿಹಾಸ. ಬರುವ ವರ್ಷಕ್ಕೆ ಮೂವತ್ತು. 2019ರಲ್ಲಿ ಎಂ.ಎ. ಮುಗಿಯಿತು. ಆಮೇಲೆ ಪೀಣ್ಯದ ಗೋದಾಮೊಂದರಲ್ಲಿ ರಾತ್ರಿ ಪಾಳಿ, ಪೊಟ್ಟಣಗಳ ಮೇಲಿನ ಗೆರೆಗಳಿಗೆ ಕೆಂಪು ಬೆಳಕು ಹಾಯಿಸಿ 'ಟಿಂಕ್' ಅನ್ನಿಸುವ ಕೆಲಸ. 2020ರಲ್ಲಿ ಲಾಕ್‌ಡೌನ್ ಅಂತ ಊರಿಗೆ ಬಂದವನು ವಾಪಸ್ ಹೋಗಲಿಲ್ಲ. ಸರ್ಕಾರಿ ಗುಮಾಸ್ತಿಕೆಯ ಎಫ್‌ಡಿಎ ಪರೀಕ್ಷೆ ಬರೆದೆ, ಉಪನ್ಯಾಸಕರ ಅರ್ಹತೆಯ ಕೆ-ಸೆಟ್ ಪಾಸಾಯಿತು. 2021ರ ಕೊನೆಗೆ ಈ ನೆಂಟಸ್ತನ ಶುರುವಾಯಿತು. ಇಷ್ಟೇ ನನ್ನ ಚರಿತ್ರೆ. ಇದರಲ್ಲಿ ಯುದ್ಧ ಇಲ್ಲ, ಪಟ್ಟಾಭಿಷೇಕವೂ ಇಲ್ಲ.

ಮದುವೆ, ಗೃಹಪ್ರವೇಶ, ತಿಥಿ ಎಲ್ಲಿ ಹೋದರೂ ನನಗೆ ಒಂದೇ ಪ್ರಶ್ನೆ: "ಖಾಯಂ ಆಯ್ತಾ?" ಕೇಳುವವರಲ್ಲಿ ಕೆಟ್ಟ ಬುದ್ಧಿ ಏನೂ ಇಲ್ಲ. ಊಟ ಆಯ್ತಾ ಅಂತ ಕೇಳಿದ ಹಾಗೆ ಕೇಳುತ್ತಾರೆ. ಇಲ್ಲ ಅಂದರೆ "ಆಗುತ್ತೆ ಬಿಡು" ಅಂತ ತಾವೇ ಸಮಾಧಾನ ಹೇಳಿ ಪಾಯಸದ ಕಡೆ ತಿರುಗುತ್ತಾರೆ. ಆದರೆ ಒಂದೇ ಪ್ರಶ್ನೆಯನ್ನು ಐವತ್ತು ಸಲ ಕೇಳಿಸಿಕೊಂಡರೆ ಅದು ಹೊರಗಿನ ದನಿಯಾಗಿ ಉಳಿಯುವುದಿಲ್ಲ. ಬೆಳಿಗ್ಗೆ ಹಲ್ಲುಜ್ಜುವಾಗ ಕನ್ನಡಿಯಲ್ಲಿರುವವನು ಕೇಳುತ್ತಾನೆ, ಖಾಯಂ ಆಯ್ತಾ?

ಆ ಪ್ರಶ್ನೆ ನನ್ನ ರೂಮಿನಲ್ಲಿ ಏನು ಮಾಡಿತ್ತು ಅಂತ ಹೇಳಬೇಕು. ತಾಲೂಕು ಕೇಂದ್ರದಲ್ಲಿ ಒಂದು ರೂಮು ಹಿಡಿದಿದ್ದೆ. ಹಿಂದೆ ಕಡಲೆಕಾಯಿ ಮಿಲ್ಲಿನ ಗೋಡೆ, ಮುಂದೆ ಮಾಲೀಕರ ಎಮ್ಮೆ. ಎರಡು ವರ್ಷ ಆ ರೂಮಿನಲ್ಲಿ ಚಾಪೆಯ ಮೇಲೆ ಮಲಗಿದೆ. ದುಡ್ಡಿಲ್ಲದೆ ಅಲ್ಲ, ಒಂದು ಸಾದಾ ಕಬ್ಬಿಣದ ಮಂಚಕ್ಕೆ ಆಗುವಷ್ಟು ಕೈಯಲ್ಲಿತ್ತು. ಆದರೆ ಮಂಚ ತಗೊಂಡರೆ ಈ ಊರಲ್ಲಿ ಉಳಿದ ಹಾಗೆ. ಮುಂದಿನ ವರ್ಷ ಇಲ್ಲೇ ಇರುತ್ತೇನೋ ಇಲ್ಲವೋ, ಖಾಯಂ ಆದಮೇಲೆ ಒಳ್ಳೆಯದೇ ತಗೊಂಡರಾಯಿತು. ಗ್ಯಾಸ್ ಸಿಲಿಂಡರ್ ತಗೊಳ್ಳಲಿಲ್ಲ, ಖಾನಾವಳಿಯಲ್ಲಿ ಮುದ್ದೆ ಊಟ. ಗೋಡೆಗೆ ಒಂದು ಮೊಳೆ ಹೊಡೆಯಲಿಲ್ಲ. ಬಟ್ಟೆಗಳು ಬ್ಯಾಗಿನಲ್ಲೇ ಇದ್ದವು, ಬೇಕಾದ ಅಂಗಿ ಎಳೆದುಕೊಂಡು ಜಿಪ್ ಹಾಕುತ್ತಿದ್ದೆ. ಎದುರುಮನೆಯ ಮೇಷ್ಟ್ರು ಚೆಸ್ ಆಡೋಣ ಬನ್ನಿ ಅಂತ ಎರಡು ಸಲ ಕರೆದರು, ಹೋಗಲಿಲ್ಲ. ಗುರುತು ಪರಿಚಯ ಬೆಳೆದರೆ ಬಿಟ್ಟು ಹೋಗುವಾಗ ಕಷ್ಟ ಅನ್ನುವ ನೆಪ. ಬಸ್ ಸ್ಟ್ಯಾಂಡಿನಲ್ಲಿ ಲಗೇಜಿನ ಮೇಲೆ ಕೂತು ನಿದ್ದೆ ಮಾಡುವವರನ್ನು ನೋಡಿದ್ದೀರಲ್ಲ, ಬಸ್ಸು ಬಂದರೆ ತಪ್ಪಿಹೋದೀತು ಅಂತ ಒಂದು ಕಣ್ಣು ತೆರೆದೇ ಇರುತ್ತೆ. ಎರಡು ವರ್ಷ ನಾನು ಹಾಗೆ ಮಲಗಿದ್ದೆ.

ಪಾಠವೂ ಹಾಗೇ ಇತ್ತು ಅಂತ ಒಪ್ಪಿಕೊಳ್ಳಬೇಕು. ವಾರಕ್ಕೆ 15 ಗಂಟೆ. ನೋಟ್ಸ್ ಇತ್ತು, ಬರೆಸುತ್ತಿದ್ದೆ. ನಿಜವಾದ ಮೇಷ್ಟ್ರು ಆಗುವುದು ಆದೇಶಪತ್ರ ಬಂದಮೇಲೆ, ಈಗ ನಡೆಯುತ್ತಿರುವುದು ತಾಲೀಮು ಅಂದುಕೊಂಡಿದ್ದೆ. ಎದುರಿಗೆ ಕೂತ ಹುಡುಗ ಹುಡುಗಿಯರಿಗೆ ಅದು ತಾಲೀಮಲ್ಲ, ಅವರ ಪದವಿಯ ಮೂರು ವರ್ಷ ಅದೇ, ಇನ್ನೊಂದು ಸಿಗುವುದಿಲ್ಲ. ಇದು ನನಗೆ ಹೊಳೆಯಲೇ ಇಲ್ಲ.

2022ರ ಸೆಪ್ಟೆಂಬರಿನಲ್ಲಿ ಅಪ್ಪ ಫೋನ್ ಮಾಡಿ, "ಕಣಿವೆ ಕೋಡಿ ಬಿದ್ದೈತೆ, ಬಾ" ಅಂದ. ಕಣಿವೆ ಅಂದರೆ ಮಾರಿಕಣಿವೆ, ವಾಣಿವಿಲಾಸ ಸಾಗರ. ವೇದಾವತಿಗೆ ಅಡ್ಡ ಕಟ್ಟಿದ ಆ ಅಣೆಕಟ್ಟು ಮುಗಿದದ್ದು 1907ರಲ್ಲಿ. 130 ಅಡಿ ತುಂಬಿ ಕೋಡಿಯಲ್ಲಿ ನೀರು ಹರಿದದ್ದು 1933ರಲ್ಲಿ ಒಂದು ಸಲ, ಆಮೇಲೆ 89 ವರ್ಷ ಇಲ್ಲವೇ ಇಲ್ಲ. ಅಪ್ಪನ ತಾತ ನೋಡಿದ್ದನಂತೆ. ಅಪ್ಪ ನೋಡಿರಲಿಲ್ಲ, ನೋಡುತ್ತೇನೆ ಅಂದುಕೊಂಡೂ ಇರಲಿಲ್ಲ. ಇಡೀ ಜಿಲ್ಲೆ ಅಲ್ಲಿ ಸೇರಿತ್ತು. ಟ್ರ್ಯಾಕ್ಟರು, ಆಟೋ, ಮೆಣಸಿನಕಾಯಿ ಬೋಂಡದ ಗಾಡಿ, ಪೂಜೆಗೆ ಬಂದ ಹೆಂಗಸರು. ಜನದ ನಡುವೆ ನಿಂತು ಅಪ್ಪ ನೀರನ್ನೇ ನೋಡುತ್ತಿದ್ದ. ನಾನು ತಮಾಷೆಗೆ, "ಎಂಬತ್ತೊಂಬತ್ತು ವರ್ಷ ತಗೊಂಡ್ತು ನೋಡಪ್ಪ ತುಂಬೋಕೆ" ಅಂದೆ. ಅವನು ಸಿಡುಕಿ, "ತುಂಬಿದ್ರೆ ಜಾತ್ರೆ ಕಣಪ್ಪ. ತುಂಬದಿದ್ರೂ ತೋಟಕ್ಕೆ ಬಿಡ್ತಾನೇ ಇದ್ರಲ್ಲ, ನಿನ್ ಓದಿಗೆ ದುಡ್ಡು ಅದ್ರಿಂದ್ಲೇ ಬಂದಿದ್ದು" ಅಂದ. ಆವತ್ತು ಆ ಮಾತು ತಲೆಗೆ ಹೋಗಲಿಲ್ಲ. ನಾನು ವಿಡಿಯೊ ಮಾಡುವುದರಲ್ಲಿದ್ದೆ.

2023ರ ಕೊನೆಯಲ್ಲಿ ರಾಜ್ಯದ ತುಂಬ ಅತಿಥಿ ಉಪನ್ಯಾಸಕರು ತರಗತಿ ಬಹಿಷ್ಕರಿಸಿ ಧರಣಿ ಕೂತೆವು. ಬೇಡಿಕೆ ಒಂದೇ, ಖಾಯಂ. ನನ್ನ ಗೌರವಧನ 5 ಸಾವಿರ ಏರಿತು, ಇನ್ನೂ ಕೆಲವು ಭರವಸೆ ಸಿಕ್ಕವು, ಖಾಯಂ ಆಗಲಿಲ್ಲ. ಶಾಮಿಯಾನದ ಕೆಳಗೆ ನನ್ನ ಪಕ್ಕ ಕೂರುತ್ತಿದ್ದವರಿಗೆ ಐವತ್ತೊಂದು ವರ್ಷ. ಇಪ್ಪತ್ತು ವರ್ಷದಿಂದ ಅತಿಥಿ. ಅವರನ್ನು ನೋಡಿ ನನಗೆ ಕರುಣೆ ಬರಬೇಕಿತ್ತು, ಬಂದದ್ದು ಹೆದರಿಕೆ. ಮನೆಯಲ್ಲಿ ಮಂಚ ಇದೆಯೇ ಅಂತ ಅವರನ್ನು ಕೇಳಬೇಕು ಅನ್ನಿಸಿತ್ತು, ಕೇಳಲಿಲ್ಲ.

ಧರಣಿಯಲ್ಲಿ ಹೋದ ಪಾಠಗಳನ್ನು ಓಡಿಸಿಕೊಂಡು ಮುಗಿಸುವಾಗ, 2024ರ ಫೆಬ್ರವರಿಯಲ್ಲಿ, ಮಕ್ಕಳನ್ನು ಕರೆದುಕೊಂಡು ಮೊಳಕಾಲ್ಮುರು ಕಡೆ ಒಂದು ದಿನದ ಪ್ರವಾಸ ಹೋದೆವು. ಅಶೋಕ ಸಿದ್ದಾಪುರ, ಬ್ರಹ್ಮಗಿರಿ, ಹೊತ್ತು ಉಳಿದರೆ ಜಟಿಂಗ ರಾಮೇಶ್ವರ ಬೆಟ್ಟ, ಮೂರು ಕಡೆಯೂ ಅಶೋಕನ ಶಾಸನ ಇದೆ. ನನಗೆ ಅದೂ ಒಂದು ಮುಗಿಸಬೇಕಾದ ಕೆಲಸ. ಬ್ರಹ್ಮಗಿರಿಯ ಬಂಡೆಯನ್ನು ಸುತ್ತಲಿನ ಜನ ಮೊದಲಿಂದ ಅಕ್ಷರಗುಂಡು ಅನ್ನುತ್ತಿದ್ದರು. ಏನು ಬರೆದಿದೆ ಅಂತ ಯಾರಿಗೂ ಗೊತ್ತಿರಲಿಲ್ಲ, ಬರೆದಿದೆ ಅಂತ ಮಾತ್ರ ಗೊತ್ತಿತ್ತು. ದನಕ್ಕೆ ರೋಗ ಬಂದರೆ ಆ ಬಂಡೆಯ ಮೇಲೆ ಸುರಿದ ನೀರು ಕುಡಿಸುತ್ತಿದ್ದರಂತೆ. 1892ರಲ್ಲಿ ಶಾಸನಗಳನ್ನು ಹುಡುಕಿ ಸಂಗ್ರಹಿಸುತ್ತಿದ್ದ ಬಿ.ಎಲ್. ರೈಸ್ ಅದು ಅಶೋಕನ ಶಾಸನ ಅಂತ ಗುರುತಿಸಿದರು. ಕರ್ನಾಟಕದಲ್ಲಿ ಅಶೋಕನ ಶಾಸನ ಸಿಕ್ಕಿದ್ದು ಅಲ್ಲೇ ಮೊದಲು.

ಇದಿಷ್ಟು ನೋಟ್ಸಿನಲ್ಲಿದೆ, ಹೇಳಿದೆ. ಆಗ ಎರಡನೇ ವರ್ಷದ ಒಬ್ಬಳು ಹುಡುಗಿ, ತರಗತಿಯಲ್ಲಿ ಬಾಯಿಯೇ ಬಿಡದವಳು, "ಅದೆಲ್ಲ ಸರಿ ಸಾ, ಇಲ್ಲಿ ಬರ್ದಿರೋದು ಏನು? ಪೂರ್ತಿ ಹೇಳಿ" ಅಂದಳು. ಅಶೋಕ ಧರ್ಮದ ಬಗ್ಗೆ ಹೇಳಿದ್ದಾನೆ ಅಂದೆ. "ಏನಂತ?" ಅಂದಳು. ತಂದೆ ತಾಯಿ ಮಾತು ಕೇಳಬೇಕು, ಸತ್ಯ ಹೇಳಬೇಕು ಅಂದೆ. "ಅಷ್ಟು ಹೇಳೋಕೆ ಇಷ್ಟುದ್ದ ಬೇಕಾ?"

ಇತಿಹಾಸದಲ್ಲಿ ಎಂ.ಎ. ಮಾಡಿದವನು, ಇದೇ ಜಿಲ್ಲೆಯವನು, ಐದು ಅಂಕದ ಪ್ರಶ್ನೆಗೆ ಬೇಕಾದ್ದು ಬಿಟ್ಟು ಆ ಬಂಡೆಯ ಮೇಲೆ ಏನಿದೆ ಅಂತ ಒಂದು ದಿನವೂ ಪೂರ್ತಿ ಓದಿರಲಿಲ್ಲ. ಬಿಸಿಲಿಗೋ ನಾಚಿಕೆಗೋ ಮುಖ ಕೆಂಪಾಯಿತು. ನಾಳೆ ಹೇಳುತ್ತೇನೆ ಅಂದೆ.

ರಾತ್ರಿ ರೂಮಿನಲ್ಲಿ ಮೊಬೈಲಿನಲ್ಲೇ ರೈಸ್ ಹೊರತಂದ ಶಾಸನಗಳ ಸಂಗ್ರಹ, ಎಪಿಗ್ರಾಫಿಯಾ ಕರ್ನಾಟಿಕದ 11ನೇ ಸಂಪುಟ ಹುಡುಕಿದೆ. ಚಿತ್ರದುರ್ಗದ ಸಂಪುಟ ಅದು, ಸ್ಕ್ಯಾನ್ ಮಾಡಿದ ಪ್ರತಿ ಸಿಗುತ್ತದೆ. ಚಾಪೆಯ ಮೇಲೆ ಮಲಗಿಕೊಂಡು ಓದಿದೆ. ಶಾಸನ ಶುರುವಾಗುವುದೇ ಕಾಗದದ ಹಾಗೆ. ಸುವರ್ಣಗಿರಿಯಿಂದ ಆರ್ಯಪುತ್ರ, ಅಂದರೆ ರಾಜಕುಮಾರ, ಮತ್ತು ಮಹಾಮಾತ್ರರು, ಅಂದರೆ ಹಿರಿಯ ಅಧಿಕಾರಿಗಳು, ಈ ಕಡೆಯ ಊರಾದ ಇಸಿಲದ ಮಹಾಮಾತ್ರರಿಗೆ ಮೊದಲು ಆರೋಗ್ಯ ಕೇಳುತ್ತಾರೆ, ಆಮೇಲೆ ವಿಷಯಕ್ಕೆ ಬರುತ್ತಾರೆ. ನಮ್ಮೂರಿನಲ್ಲಿ "ನಾವೆಲ್ಲ ಕ್ಷೇಮ, ನಿಮ್ಮ ಕ್ಷೇಮಕ್ಕೆ ಕಾಗದ ಬರೆಯಿರಿ" ಅಂತಿದ್ದರಲ್ಲ, ಹಾಗೆ. ಆಮೇಲೆ ಚಕ್ರವರ್ತಿಯ ಮಾತು ಬರುತ್ತದೆ. ಅದರ ಸಾರ ಇದು: ನಾನು ಬುದ್ಧನ ಉಪಾಸಕನಾಗಿ ಎರಡೂವರೆ ವರ್ಷದ ಮೇಲಾಯಿತು. ಆದರೆ ಒಂದು ವರ್ಷ ನಾನು ಅಷ್ಟಾಗಿ ಪ್ರಯತ್ನಪಡಲಿಲ್ಲ. ಭಿಕ್ಷುಗಳ ಸಂಘದ ಹತ್ತಿರ ಬಂದು ವರ್ಷ ದಾಟಿತು, ಈಗ ಚೆನ್ನಾಗಿ ಶ್ರಮಪಡುತ್ತಿದ್ದೇನೆ.

ಎದ್ದು ಕೂತೆ.

ಕಳಿಂಗದ ಅಶೋಕ, ಸಿಂಹಲಾಂಛನದ ಅಶೋಕ, ದೊಡ್ಡ ದೊಡ್ಡ ಕಲ್ಲುಗಳ ಮೇಲೆ ಅಪ್ಪಣೆ ಕೊರೆಸಿದ ಅಶೋಕ, 'ಒಂದು ವರ್ಷ ಸುಮ್ಮನೆ ಕಳೆದೆ' ಅಂತ ಹೇಳಿಕೊಂಡಿದ್ದಾನೆ. ಹೇಳಿಕೊಂಡದ್ದಷ್ಟೇ ಅಲ್ಲ, ಅದನ್ನು ಕಲ್ಲಿನ ಮೇಲೆ ಬರೆಸಿ ಊರೂರಿಗೆ ಕಳಿಸಿದ್ದಾನೆ. ಪ್ರಯತ್ನ ಅನ್ನುವುದಕ್ಕೆ ಅಲ್ಲಿ ಬಳಸಿದ ಪ್ರಾಕೃತ ಪದದಲ್ಲಿ ಇರುವುದು ನಮ್ಮ ಪರಾಕ್ರಮ, ಉಪಕ್ರಮ ಅನ್ನುವ ಪದಗಳಲ್ಲಿರುವ ಧಾತುವೇ. ಮೂಲಾರ್ಥ ಹೆಜ್ಜೆ ಇಡುವುದು. ನಾನಾಗಿದ್ದರೆ ಆ ಒಂದು ವರ್ಷವನ್ನು ಬಯೋಡೇಟಾದಿಂದ ತೆಗೆದು ಹಾಕುತ್ತಿದ್ದೆ. ನಿಜಕ್ಕೂ ಪೀಣ್ಯದ ತಿಂಗಳುಗಳನ್ನು ತೆಗೆದು ಹಾಕಿದ್ದೇನೆ, ಆ ಜಾಗದಲ್ಲಿ "ಸ್ಪರ್ಧಾತ್ಮಕ ಪರೀಕ್ಷೆಗಳ ತಯಾರಿ" ಅಂತ ಇದೆ.

ಇನ್ನೊಂದು ಸಾಲು ಕೊನೆಯಲ್ಲಿತ್ತು. ಬರೆದವನ ಹೆಸರು ಚಪಡ. ಶಾಸನವೆಲ್ಲ ಬ್ರಾಹ್ಮಿ ಲಿಪಿಯಲ್ಲಿದೆ, "ಚಪಡ ಬರೆದ" ಅನ್ನುವುದೂ ಬ್ರಾಹ್ಮಿಯಲ್ಲೇ. ಆದರೆ "ಲಿಪಿಕಾರ" ಅನ್ನುವ ಕೊನೆಯ ಪದ ಮಾತ್ರ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ. ಖರೋಷ್ಠಿ ವಾಯವ್ಯದ, ಗಾಂಧಾರದ ಕಡೆಯ ಲಿಪಿ. ಇಲ್ಲಿಂದ ಎರಡು ಸಾವಿರ ಕಿಲೋಮೀಟರಿಗೂ ದೂರ. ಆ ಕಡೆಯವನೋ, ಆ ಕಡೆ ಕೆಲಸ ಕಲಿತವನೋ ಇರಬೇಕು ಅಂತ ವಿದ್ವಾಂಸರ ಊಹೆ. ಯಾವ ವರ್ಗಾವಣೆಯ ಮೇಲೆ ಮೊಳಕಾಲ್ಮುರಿನ ಈ ಕುರುಚಲು ಗುಡ್ಡಗಳಿಗೆ ಬಂದು ಬಿದ್ದನೋ! ಇಲ್ಲಿ ಖರೋಷ್ಠಿ ಓದಬಲ್ಲವರು ಒಬ್ಬರಾದರೂ ಇದ್ದಿದ್ದು ಅನುಮಾನ. ಹಾಗಿದ್ದೂ ತನ್ನ ಕಸುಬಿನ ಹೆಸರನ್ನು ಆ ಲಿಪಿಯಲ್ಲೇ ಬರೆದ, ಒಂದಲ್ಲ, ಮೂರೂ ಕಡೆಯ ಶಾಸನಗಳಲ್ಲಿ. ಅವನ ವಯಸ್ಸು ಎಷ್ಟಿತ್ತು, ಮದುವೆ ಆಗಿತ್ತೋ, ಮನೆಗೆ ವಾಪಸ್ ಹೋದನೋ, ಒಂದೂ ಗೊತ್ತಾಗುವುದಿಲ್ಲ. ಕೈಬರಹ ಮಾತ್ರ ಇದೆ.

ಮಾರನೆಯ ದಿನ ತರಗತಿಯಲ್ಲಿ ಇದನ್ನೆಲ್ಲ ಹೇಳಿದೆ. ನೋಟ್ಸ್ ಮುಚ್ಚಿಟ್ಟು ಹೇಳಿದ ಮೊದಲನೇ ಪಾಠ ಅದು. ಮುಗಿದಮೇಲೆ ಆ ಹುಡುಗಿ ಕಾರಿಡಾರಿನಲ್ಲಿ ಬಂದು, "ಸಾ, ನಮ್ ಹೊಲ್ದಾಗೂ ಒಂದು ಬರ್ದಿರೋ ಕಲ್ಲೈತೆ" ಅಂದಳು.

ಅವರ ಹೊಲದ ಬದುವಿನಲ್ಲಿದ್ದದ್ದು ವೀರಗಲ್ಲು. ಕೆಳಗಿನ ಪಟ್ಟಿಕೆಯಲ್ಲಿ ಬಿಲ್ಲು ಹಿಡಿದ ಗಂಡಸು, ಅವನ ಹಿಂದೆ ಎರಡು ದನ, ನಡುವೆ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೂತ ಅದೇ ಮನುಷ್ಯ. ಪಟ್ಟಿಕೆಗಳ ನಡುವಿನ ಅಂಚಿನಲ್ಲಿ ಅಕ್ಷರ. ತಲೆತಲಾಂತರದಿಂದ ಯುಗಾದಿಗೆ ಸುಣ್ಣ ಬಳಿದು, ಎಣ್ಣೆ ಹಚ್ಚಿ, ಅಕ್ಷರಗಳು ಮೊಸರಿನಲ್ಲಿ ಮುಳುಗಿದ ಹಾಗಿದ್ದವು. ನಾವು ಹೋದ ಸುದ್ದಿ ತಿಳಿದು ಅರ್ಧ ಊರು ಬಂತು. ಮೊದಲನೇ ಪ್ರಶ್ನೆ, "ನಿಧಿ ಎಷ್ಟು ಮಾರು ಕೆಳಗೈತೆ ಅಂತ ಬರ್ದೈತೆ?" ತಮಾಷೆಯಲ್ಲ. ನಮ್ಮ ಕಡೆ ನಿಧಿ ಆಸೆಗೆ ಅಗೆದು ಒಡೆದು ಹಾಕಿದ ಕಲ್ಲುಗಳು ಒಂದೆರಡಲ್ಲ. ನಿಧಿ ಇಲ್ಲ, ದನ ಬಿಡಿಸಿಕೊಂಡು ಬರುವಾಗ ಸತ್ತವನ ಹೆಸರಿದೆ ಅಂದೆ. ಒಬ್ಬ ಮುದುಕ, "ಹಂಗಾರೆ ನಮ್ಮೋನೇ" ಅಂದ. ಗುಂಪು ಕರಗಿತು, ಅವನು ಉಳಿದ.

ಆದರೆ ಹೆಸರು ನನಗೆ ಓದಲು ಬರಲಿಲ್ಲ. ಅಲ್ಲಿಗೆ ನನ್ನ ಎಂ.ಎ.ಯ ಬಂಡವಾಳ ಎರಡನೇ ಸಲ ಬಯಲಾಯಿತು.

ಆ ಬೇಸಿಗೆ, ಗೌರವಧನವಿಲ್ಲದ ತಿಂಗಳುಗಳಲ್ಲಿ, ಹಳೆಗನ್ನಡ ಲಿಪಿ ಕಲಿಯುವುದಕ್ಕೆ ಕೂತೆ. ಹಗಲು ಅಪ್ಪನ ತೋಟದಲ್ಲಿ ಡ್ರಿಪ್ ಪೈಪು ಬಿಡಿಸುವುದು, ರಾತ್ರಿ ಅಕ್ಷರ ತಿದ್ದುವುದು. ಒಂದನೇ ಕ್ಲಾಸಿನ ಹುಡುಗನ ಹಾಗೆ ಕಾಪಿ ಪುಸ್ತಕದಲ್ಲಿ ಶತಮಾನಕ್ಕೊಂದು ಪುಟ. ಮೈಸೂರಿನಲ್ಲಿರುವ ನಿವೃತ್ತ ಶಾಸನತಜ್ಞರೊಬ್ಬರ ನಂಬರು ಸಿಕ್ಕಿತು. ಫೋಟೊ ಕಳಿಸಿದರೆ ಬೈದು ತಿದ್ದುತ್ತಾರೆ. ಸುಣ್ಣದ ಪದರವನ್ನು ಕಬ್ಬಿಣದಿಂದ ಕೆರೆಯಬಾರದು, ನೀರು ಚಿಮುಕಿಸಿ ಮೆತ್ತಗೆ ಮಾಡಿ ನಾರಿನ ಬ್ರಷ್ಷಿನಿಂದ ತಾಳ್ಮೆಯಾಗಿ ತೆಗೆಯಬೇಕು. ಅಕ್ಷರಕ್ಕೆ ಮೈದಾಹಿಟ್ಟು ತುಂಬುವ ಅಭ್ಯಾಸ ಒಳ್ಳೆಯದಲ್ಲ. ಸಂಜೆ ಕತ್ತಲಾದಮೇಲೆ ಟಾರ್ಚನ್ನು ಕಲ್ಲಿನ ಮಗ್ಗುಲಿಗೆ ಒತ್ತಿ ಹಿಡಿದು ಬೆಳಕನ್ನು ಓರೆಯಾಗಿ ಬಿಟ್ಟರೆ, ಹಗಲು ಕಾಣದ ಗೆರೆ ನೆರಳಾಗಿ ಎದ್ದು ಬರುತ್ತದೆ. ಪಡಿಯಚ್ಚು ತೆಗೆಯುವುದು ಆಮೇಲೆ ಕಲಿತೆ. ಕಲ್ಲು ತೊಳೆದು, ಒದ್ದೆ ಕಾಗದ ಅಂಟಿಸಿ, ಬ್ರಷ್ಷಿನಲ್ಲಿ ಕುಟ್ಟಿ ಕುಟ್ಟಿ ಕಾಗದವನ್ನು ಅಕ್ಷರದ ಗುಳಿಗೆ ಇಳಿಸಬೇಕು. ಆಮೇಲೆ ಬಟ್ಟೆಯ ಉಂಡೆಗೆ ಮಸಿ ಅದ್ದಿ ತಟ್ಟಿದರೆ, ಕಪ್ಪು ಕಾಗದದ ಮೇಲೆ ಅಕ್ಷರ ಬೆಳ್ಳಗೆ ಉಳಿಯುತ್ತದೆ. ಮೊದಲ ಆರು ಹಾಳೆ ಹರಿದವು. ಏಳನೆಯದು ಗಾಳಿಗೆ ಹಾರಿ ಕಳ್ಳೀಬೇಲಿಗೆ ಸಿಕ್ಕಿಕೊಂಡಿತು.

ಈಗ ಐದಾರು ಹುಡುಗ ಹುಡುಗಿಯರ ಒಂದು ಗುಂಪಾಗಿದೆ. ಭಾನುವಾರ ಯಾರ ಊರಿನಲ್ಲಿ ಕಲ್ಲಿದೆ ಅಂತ ಸುದ್ದಿ ಬಂದರೆ ಎರಡು ಬೈಕಿನಲ್ಲಿ ಹೋಗುತ್ತೇವೆ, ಊಟ ಆ ಊರಿನವರದು. ಇಲ್ಲಿಯವರೆಗೆ 31 ಕಲ್ಲು ನೋಡಿದ್ದೇವೆ, ಅಕ್ಷರ ಇರುವುದು 9ರಲ್ಲಿ. 7 ಆಗಲೇ ರೈಸ್ ಸಂಪುಟದಲ್ಲಿವೆ. ನೂರಿಪ್ಪತ್ತು ವರ್ಷದ ಹಿಂದೆ, ನಾವು ಬೈಕಿನಲ್ಲೂ ಏದುಸಿರು ಬಿಡುವ ಕಡೆಗೆಲ್ಲ ಅವರ ಜನ ಬಂದು ಹೋಗಿದ್ದಾರೆ. ಬೆಂಗಳೂರಿನಲ್ಲೇ ಹುಟ್ಟಿದ ರೈಸ್ ಮೂಲತಃ ವಿದ್ಯಾ ಇಲಾಖೆಯ ಮನುಷ್ಯ. ಶಾಲೆಗಳ ತಪಾಸಣೆಗೆ ಊರೂರು ತಿರುಗುವಾಗ ಹತ್ತಿದ ಹುಚ್ಚು ಈ ಶಾಸನ. ಸಂಬಳ ಕೊಡುವ ಕೆಲಸ ಒಂದು, ಹೆಸರು ಉಳಿಸಿದ ಕೆಲಸ ಇನ್ನೊಂದು. ಸಂಪುಟದಲ್ಲಿ ಇಲ್ಲದ ಎರಡರಲ್ಲಿ ಒಂದು ಆ ಹುಡುಗಿಯ ಹೊಲದ್ದು.

ಇಲ್ಲಿಗೆ ಬಂದಾಗ "ಹೀಗೆ ನನಗೆ ಬದುಕಿನ ಗುರಿ ಸಿಕ್ಕಿತು" ಅಂತ ಬರೆದುಬಿಡುವ ಆಸೆಯಾಗುತ್ತದೆ. ಆ ಜಾತಿಯ ವಿಡಿಯೊಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ, ಚಾಪೆಯ ಮೇಲೆ ಮಲಗಿಕೊಂಡು, ರಾತ್ರಿ ಒಂದು ಗಂಟೆಯವರೆಗೆ. ಮೂವತ್ತರೊಳಗೆ ಗುರಿ ಕಂಡುಕೊಳ್ಳಿ ಅಂತ ಹೇಳುವವನ ಹಿಂದೆ ಯಾವಾಗಲೂ ಒಂದು ಹೊಸ ಕಾರು ನಿಂತಿರುತ್ತದೆ. ನನಗೆ ಸಿಕ್ಕಿದ್ದು ಗುರಿಯಲ್ಲ. ಭಾನುವಾರ ಬೆಳಿಗ್ಗೆ ಏಳುವುದಕ್ಕೆ ಒಂದು ಕಾರಣ ಸಿಕ್ಕಿತು, ಅದು ಸೋಮವಾರಕ್ಕೂ ಹಬ್ಬಿತು. ಪಾಠ ಮಾಡುವಾಗ ಗಡಿಯಾರ ನೋಡುವುದು ನಿಂತಿತು. ಯಾವತ್ತು ನಿಂತಿತು ಅಂತ ಹೇಳುವುದಕ್ಕೆ ಬರುವುದಿಲ್ಲ.

ಇನ್ನೊಂದು ಮಾತು ಸ್ಪಷ್ಟ ಮಾಡಿಬಿಡಬೇಕು. ತೃಪ್ತಿ ಅನ್ನುವ ಪದವನ್ನು ನನ್ನಂಥವನ ಬಾಯಿಂದ ಕೇಳಿದರೆ ಕೆಲವರಿಗೆ ಬಹಳ ಅನುಕೂಲ. "ನೋಡಿ, ಎಷ್ಟು ಕಡಿಮೆ ದುಡ್ಡಿಗೆ ಎಷ್ಟು ನೆಮ್ಮದಿಯಾಗಿದ್ದಾನೆ" ಅಂತ ಒಂದು ಶಾಲು ಹೊದೆಸಿ ಕಳಿಸಬಹುದು. ನನಗೆ ಶಾಲು ಬೇಡ. ನಾಳೆ ಮತ್ತೆ ಧರಣಿ ಅಂದರೆ ನಾನು ಶಾಮಿಯಾನದ ಕೆಳಗೇ ಇರುತ್ತೇನೆ. ನಮ್ಮ ಪಕ್ಕದ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ, ಈ ಬರದ ಸೀಮೆಯಲ್ಲಿ ಜನರಿಂದ ಕೆರೆ ಕಟ್ಟಿಸಿದ ಗುರು, ಹೇಳಿದ್ದು "ಮಾಡಿದಷ್ಟು ನೀಡು ಭಿಕ್ಷೆ" ಅಂತ. ಜಾತ್ರೆಯಲ್ಲಿ, ಲಾರಿಗಳ ಹಿಂದೆ, ಗೋಡೆಗಳ ಮೇಲೆ ಎಲ್ಲ ಕಡೆ ಇದೆ ಈ ಮಾತು. ಜನ ಇದನ್ನು ದುಡಿಮೆಯ ಉಪದೇಶ ಅಂತ ಹೇಳುತ್ತಾರೆ. ನನಗೆ ಅದರ ಎರಡನೇ ಅರ್ಧ ಜೋರಾಗಿ ಕೇಳಿಸುತ್ತದೆ. ಮಾಡಿದ್ದೇವಲ್ಲ, ಅಷ್ಟನ್ನು ನೀಡಬೇಕು. ಗಂಟೆಗೆ ಗಂಟೆ ಮಾಡಿಸಿಕೊಂಡು ವರ್ಷದ ಕೊನೆಗೆ ನೆಂಟ ಅನ್ನಬಾರದು.

ಬೇಸರ ಹೋಗಿದೆ ಅಂತಲೂ ಅಲ್ಲ. ನನ್ನ ಬಿ.ಎ. ಜೊತೆಗಾರರ ವಾಟ್ಸಾಪ್ ಗುಂಪಿನಲ್ಲಿ ಒಬ್ಬ ಪಿಡಿಒ, ಒಬ್ಬ ಎಣ್ಣೆಮಿಲ್ಲಿನ ಪಾಲುದಾರ, ಇಬ್ಬರು ಬೆಂಗಳೂರಿನಲ್ಲಿ ಸೈಟು ತಗೊಂಡವರು. ಗೃಹಪ್ರವೇಶದ ಕಾರ್ಡು ಬಂದ ದಿನ ಸಂಜೆ ಸ್ವಲ್ಪ ದೂರ ಜಾಸ್ತಿ ನಡೆಯುತ್ತೇನೆ. ಹೆಣ್ಣು ನೋಡುವ ಶಾಸ್ತ್ರದಲ್ಲಿ ಒಂದು ಕಡೆ ಹುಡುಗಿಯ ಸೋದರಮಾವ, "ಅತಿಥಿ ಅಂದ್ರೆ ಪರ್ಮನೆಂಟಾ?" ಅಂತ ಕೇಳಿದರು. ಇಡೀ ಕನ್ನಡದಲ್ಲಿ ಇದಕ್ಕಿಂತ ವಿಚಿತ್ರವಾದ ವಾಕ್ಯ ನಾನು ಕೇಳಿಲ್ಲ. ಅವ್ವ ಮನೆಗೆ ಬಂದಮೇಲೆ, "ಆ ಕಲ್ಲಿನ ಇಚಾರ ಅಲ್ಲಿ ಯಾಕೆ ತೆಗೆಯಾಕ್ ಹೋದೆ? ಹುಡ್ಗಿ ಹೆದ್ರಿಕಂಡ್ತು" ಅಂತ ಬೈದಳು. ಹುಡುಗಿ ಹೆದರಿರಲಿಲ್ಲ. ಹೆದರಿದ್ದು ಸೋದರಮಾವ.

ಕಳೆದ ದಸರಾ ರಜೆಯಲ್ಲಿ ಒಂದು ಕಬ್ಬಿಣದ ಮಂಚ ತಗೊಂಡೆ. ಅದನ್ನು ಆಟೋದ ಮೇಲೆ ಕಟ್ಟಿಸಿಕೊಂಡು ಬರುವಾಗ ಎದುರುಮನೆಯ ಮೇಷ್ಟ್ರು ಬಾಗಿಲಲ್ಲಿ ನಿಂತು, "ಏನ್ರೀ, ಖಾಯಂ ಆಯ್ತೇನು?" ಅಂದರು. "ಇಲ್ಲ ಸರ್, ಬೆನ್ನು ನೋಯ್ತಿತ್ತು" ಅಂದೆ. ಇಳಿಸುವುದಕ್ಕೆ ಒಂದು ಕೈ ಹಿಡಿದರು. ಆಮೇಲೆ ಚೆಸ್ ಆಡಿದೆವು. ಸೋತೆ. ಗೋಡೆಗೆ ಮೊಳೆಯೂ ಹೊಡೆದಿದ್ದೇನೆ. ಒಂದು ಪಡಿಯಚ್ಚು ತೂಗುಹಾಕಿದ್ದೇನೆ, ಕಳ್ಳೀಬೇಲಿಗೆ ಸಿಕ್ಕಿ ಮೂಲೆ ಹರಿದದ್ದು.

ಆ ಹುಡುಗಿ ಈಗ ಕೊನೆಯ ವರ್ಷ ಮುಗಿಸುತ್ತಿದ್ದಾಳೆ. ಲಿಪಿಯಲ್ಲಿ ನನ್ನನ್ನು ದಾಟಿ ಹೋಗಿದ್ದಾಳೆ, ಕಣ್ಣೂ ಚುರುಕು. ಅವರ ಹೊಲದ ಕಲ್ಲಿನ ಸಾಲನ್ನು ಹೆಚ್ಚು ಕಡಿಮೆ ಪೂರ್ತಿ ಓದಿದ್ದೇವೆ. ಊರ ತುರುವನ್ನು, ಅಂದರೆ ದನಗಳನ್ನು, ಮರಳಿಸಿ ಸತ್ತ ಅಂತಿದೆ. ಕಲ್ಲು ನಿಲ್ಲಿಸಿದವನು ತಮ್ಮ, ಅವನ ಹೆಸರು ನೆಟ್ಟಗಿದೆ. ಸತ್ತವನ ಹೆಸರಿನ ಮೇಲೆಯೇ ಯಾವುದೋ ಕಾಲದಲ್ಲಿ ಕುಡುಗೋಲು ಮಸೆದಿದ್ದಾರೆ. ಎರಡನೇ ಅಕ್ಷರ 'ರ', ಅದರಲ್ಲಿ ಅನುಮಾನ ಇಲ್ಲ. ಮೊದಲನೆಯದರ ಹೊಟ್ಟೆ ಮಾತ್ರ ಉಳಿದಿದೆ, ಅದು 'ಮ' ಆಗಬಹುದು, 'ವ' ಆಗಬಹುದು. ಮೇಲಿನ ಸ್ವರಚಿಹ್ನೆ ಅರ್ಧಕ್ಕೆ ಅರ್ಧ ಸವೆದಿದೆ. ಅವಳು ವೀರ ಅನ್ನುತ್ತಾಳೆ. ನನಗೆ ಮಾರ ಅಂತ ಕಾಣುತ್ತದೆ, ಊರಿಗೆ ಹತ್ತು ಜನ ಇರುತ್ತಾರಲ್ಲ, ಆ ಮಾರ. ಮೈಸೂರಿನವರು ಫೋಟೊ ನೋಡಿ, "ಊಹೆ ಬೇಡ, ಬೆಳಕು ಸರಿಯಿಲ್ಲ, ಎಡಗಡೆಯಿಂದ ಹಿಡಿದು ಇನ್ನೊಂದು ತೆಗೀರಿ" ಅಂದರು. ಟಾರ್ಚಿಗೆ ಹೊಸ ಸೆಲ್ ಹಾಕಿಸಿದ್ದೇನೆ. ಭಾನುವಾರ ಮಳೆ ಬರದಿದ್ದರೆ ಹೋಗಬೇಕು.